ಹತ್ತು ವರ್ಷಕ್ಕೇ ನಿವೃತ್ತಿ

ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರನಿಗೆ ಅರವತ್ತಕ್ಕೆ ನಿವೃತ್ತಿ. ಗಣಕಯಂತ್ರವನ್ನು ನಡೆಸುವ ಕಾರ್ಯಾಚರಣಾ ವ್ಯವಸ್ಥೆಗೆ ಆ ಭಾಗ್ಯವಿಲ್ಲ. 2015ರಲ್ಲಿ ಸೇವೆಗೆ ಸೇರಿದ ವಿಂಡೋಸ್ 10, 2025ರ ಅಕ್ಟೋಬರ್ 14ರಂದು ನಿವೃತ್ತವಾಯಿತು. ಹೆಸರು ನೋಂದಾಯಿಸಿದವರಿಗೆ ಒಂದು ವರ್ಷದ ಸೇವಾವಧಿ ವಿಸ್ತರಣೆ ಉಂಟು. ಅಂಥ ವಿಸ್ತರಣೆಗಾಗಿ ಅರ್ಜಿ ಹಿಡಿದು ಅಲೆದ ಅಧಿಕಾರಿಗಳನ್ನು ಕಂಡ ನನಗೆ ಅದರಲ್ಲಿ ಹೊಸತೇನೂ ತೋರಲಿಲ್ಲ.

ಇದರ ಪಕ್ಕದಲ್ಲಿ ಬಟ್ಟೆಯ ಗೊಂಬೆಯನ್ನಿಟ್ಟು ನೋಡಿ. ಹಾವೇರಿ ಸಮೀಪದ ನಮ್ಮ ಅಗಡಿಯಲ್ಲಿ ಕೌದಿ ಹೊಲಿದು ಉಳಿದ ಚಿಂದಿಗೆ ಹತ್ತಿ ತುಂಬಿ ಅಜ್ಜಿಯಂದಿರು ಗೊಂಬೆ ಮಾಡಿಕೊಡುತ್ತಿದ್ದರು. ಹೊಲಿಗೆ ಬಿಚ್ಚಿದರೆ ಸೂಜಿ ದಾರ ಸಾಕು. ಯಾವ ಕರಾರನ್ನೂ ಓದದೆ ಒಪ್ಪಬೇಕಾಗಿರಲಿಲ್ಲ. ಹೊಸ ಗೊಂಬೆಯು ಮನೆಗೆ ಬಂದು, ಮೊದಲು ಹಾಸಿಗೆ ಬದಲಿಸಿ ಎಂದು ಹಟ ಹಿಡಿದದ್ದನ್ನೂ ಕಾಣೆ. ವಿಂಡೋಸ್ 11ರದು ಅದೇ ಹಟ. ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು, ತಕ್ಕಷ್ಟು ಹೊಸ ಪ್ರೊಸೆಸರ್ ಇಲ್ಲದ ಯಂತ್ರ ಅದಕ್ಕೆ ಒಪ್ಪಿಗೆಯಲ್ಲ. ಭದ್ರತೆಯ ವಾದ ಸುಳ್ಳೆನ್ನಲಾರೆ. ಕಳ್ಳರು ಗೊಂಬೆಯ ಹೊಟ್ಟೆ ಹೊಕ್ಕು ಬ್ಯಾಂಕ್ ಖಾತೆ ಬರಿದು ಮಾಡಲಾರರಷ್ಟೆ.

ಅರ್ಥಶಾಸ್ತ್ರದಲ್ಲಿ ವಸ್ತು ಸವೆಯುವುದು ಬೇರೆ, ಬಳಕೆ ತಪ್ಪುವುದು ಬೇರೆ. ಪರದೆ, ಕೀಲಿಮಣೆ ಗಟ್ಟಿಯಾಗಿರುವಾಗಲೇ ಯಂತ್ರವನ್ನು ಮೂಲೆಗೆ ಸರಿಸುವ ತೀರ್ಮಾನ ಅಮೆರಿಕದಲ್ಲಿ ಆಗುತ್ತದೆ. ಹಣ ಮಾತ್ರ ನಮ್ಮ ಶಾಲೆಗಳ, ಪಂಚಾಯಿತಿಗಳ ಅನುದಾನದಿಂದ ಹೋಗಬೇಕು.

ಸೂಜಿ ದಾರದ ದಾರಿ ಗಣಕಕ್ಕೂ ಉಂಟು. ಲಿನಕ್ಸ್‌ನ ಲಾಂಛನ, ಹೋಳಿಗೆ ಊಟ ಮುಗಿಸಿ ಕುಳಿತಂತಿರುವ ಪೆಂಗ್ವಿನ್. ಅದರ ಮೆತ್ತನೆಯ ಗೊಂಬೆಗಳೂ ಮಾರಾಟಕ್ಕಿವೆ. ಡೆಬಿಯನ್ ಎಂಬ ಅದರ ಬಗೆಯೊಂದು 1996ರಿಂದಲೂ ತನ್ನ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಚಿತ್ರದ ಪಾತ್ರಗಳ ಹೆಸರನ್ನೇ ಇಡುತ್ತ ಬಂದಿದೆ. ಸದಾ ಪ್ರಯೋಗದಲ್ಲಿರುವ, ಯಾವಾಗ ಕೆಡುವುದೋ ತಿಳಿಯದ ಆವೃತ್ತಿಗೆ ಆಟಿಕೆ ಮುರಿಯುವ ಹುಡುಗ ಸಿಡ್‌ನ ಹೆಸರು. ಇಂಥ ಪ್ರಾಮಾಣಿಕತೆಯನ್ನು ಸರ್ಕಾರಿ ಯೋಜನೆಗಳ ನಾಮಕರಣದಲ್ಲಿ ನಾನು ಕಂಡಿಲ್ಲ. ಈ ಆವೃತ್ತಿಗಳಿಗೂ ವಾಯಿದೆ ಇದೆ. ಆದರೆ ಮುಂದಿನದು ಉಚಿತ, ಹತ್ತು ವರ್ಷದ ಯಂತ್ರವನ್ನು ಅದು ಸಾಮಾನ್ಯವಾಗಿ ತಿರಸ್ಕರಿಸುವುದೂ ಇಲ್ಲ.

ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಮುಕ್ತ ತಂತ್ರಾಂಶದಲ್ಲೇ ಪಾಠ ನಡೆಸುತ್ತಿವೆ. ನಮ್ಮಲ್ಲಿ ಹಳೆಯ ಗಣಕಗಳನ್ನು ಗುಜರಿಗೆ ಹಾಕುವ ಕಡತ ಮೇಜಿಗೆ ಬಂದಾಗ, ಒಂದರಲ್ಲಾದರೂ ಲಿನಕ್ಸ್ ಅಳವಡಿಸಿ ಒಂದು ವಾರ ಪರೀಕ್ಷಿಸಿದಿರಾ ಎಂದು ಷರಾ ಬರೆದು ಹಿಂದಿರುಗಿಸುವ ಅಧಿಕಾರಿ ಬೇಕು. ಯೂನಿಕೋಡ್ ಕನ್ನಡ ಅದರಲ್ಲೂ ಸರಿಯಾಗಿಯೇ ಮೂಡುತ್ತದೆ. ಈ ಲೇಖನವನ್ನು ಬರೆದದ್ದು ಅದರಲ್ಲೇ.