ನೆಲ ಕಾಯೋದೂ ದುಡಿಮೆಯೇ



ಹಿಟ್ಟು, ಸಕ್ಕರೆ, ಚಹಾಪುಡಿ, ಒಂದಿಷ್ಟು ಮಾಂಸ. ಉತ್ತರ ಆಸ್ಟ್ರೇಲಿಯಾದ ದನದ ಎಸ್ಟೇಟುಗಳಲ್ಲಿ ದುಡಿದ ಮೂಲನಿವಾಸಿಗಳಿಗೆ ದಶಕಗಳ ಕಾಲ ಸಿಕ್ಕ ಕೂಲಿ ಹೆಚ್ಚುಕಮ್ಮಿ ಇಷ್ಟೇ. ನೆಲ ಅವರ ಮುತ್ತಜ್ಜಂದಿರದ್ದು. ಬಿಳಿಯರು ಬಂದು ಅದು ಯಾರದೂ ಅಲ್ಲ ಅಂದರು. ನೆಲದ ಮಕ್ಕಳನ್ನೇ ಅಲ್ಲಿ ಆಳಾಗಿ ಇಟ್ಟುಕೊಂಡರು. ಎಂಥಾ ನ್ಯಾಯ ಸ್ವಾಮಿ ಇದು?

1966ರ ಆಗಸ್ಟಿನಲ್ಲಿ ವೇವ್ ಹಿಲ್ ಎಸ್ಟೇಟಿನ ಗುರಿಂಜಿ ಜನ ವಿನ್ಸೆಂಟ್ ಲಿಂಗಿಯಾರಿಯ ಮುಂದಾಳತ್ವದಲ್ಲಿ ಕೆಲಸ ಬಿಟ್ಟು ಹೊರನಡೆದರು. ಕೂಲಿ ಸಾಲದು, ನೆಲವೇ ಬೇಕು ಅಂತ ಪಟ್ಟು ಹಿಡಿದು ವರ್ಷಗಟ್ಟಲೆ ಕೂತರು. 1975ರಲ್ಲಿ ಪ್ರಧಾನಿ ವಿಟ್ಲಮ್ ಅಲ್ಲಿಗೇ ಹೋಗಿ ಲಿಂಗಿಯಾರಿಯ ಅಂಗೈಗೆ ಒಂದು ಹಿಡಿ ಮಣ್ಣು ಸುರಿಯಬೇಕಾಯಿತು.

ನೆಲ ಯಾಕೆ ಕೇಳಿದರು? 1968ರ ಕೊನೆಗೆ ಸಮಾನ ಕೂಲಿಯ ಆದೇಶ ಜಾರಿಗೆ ಬಂದದ್ದೇ ತಡ, ಎಷ್ಟೋ ಎಸ್ಟೇಟುಗಳಿಂದ ಮೂಲನಿವಾಸಿ ಕುಟುಂಬಗಳನ್ನು ಹೊರಗಟ್ಟಿದರು. ನೆಲದ ಹಕ್ಕಿಲ್ಲದವನಿಗೆ ಕೂಲಿಯ ಆದೇಶವೂ ಆಸರೆಯಾಗಲಿಲ್ಲ.

ಸರಿ, ನೆಲ ಸಿಕ್ಕಿತು ಅನ್ನಿ. ಅದನ್ನು ಕಾಯುವವನ ಹೊಟ್ಟೆಪಾಡು? 2007ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಮೂಲನಿವಾಸಿ ರೇಂಜರುಗಳಿಗೆ ಸಂಬಳ ಕೊಡುವ ಯೋಜನೆ ತಂತು. ಕಳೆ ತೆಗೆಯೋದು, ಕಾಡುಬಿದ್ದ ಹಂದಿ-ಎಮ್ಮೆಗಳ ಹಾವಳಿ ತಡೆಯೋದು, ಕಡಲತೀರ ಕಾಯೋದು, ಕಾಡಿಗೆ ಬೆಂಕಿ ಹಚ್ಚೋದು.

ಬೆಂಕಿ ಹಚ್ಚೋದೇ? ಹೌದು. ಮಳೆಗಾಲ ಮುಗಿದ ಹೊಸತರಲ್ಲಿ, ಹುಲ್ಲಿನಲ್ಲಿ ಇನ್ನೂ ಹಸಿ ಇರುವಾಗ ಅಲ್ಲಲ್ಲಿ ಸಣ್ಣಗೆ ಸುಟ್ಟರೆ, ಆಮೇಲಿನ ದೊಡ್ಡ ಕಾಡ್ಗಿಚ್ಚಿಗೆ ಮೇವು ಸಿಗೋದಿಲ್ಲ. ಎಲ್ಲಿ, ಯಾವ ಗಾಳಿಗೆ ಹಚ್ಚಬೇಕೆಂಬುದು ಹಿರಿಯರಿಗೆ ಗೊತ್ತು. ಪಶ್ಚಿಮ ಆರ್ನೆಮ್ ಲ್ಯಾಂಡಿನ ಸುಮಾರು 28,000 ಚದರ ಕಿಲೋಮೀಟರಿನಲ್ಲಿ ಇದನ್ನು ಮಾಡಿ, ಹೊಗೆ ತಗ್ಗಿಸಿದ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 10 ಲಕ್ಷ ಡಾಲರು ಕೊಡುವಂತೆ 2006ರಲ್ಲಿ ಒಂದು ಗ್ಯಾಸ್ ಕಂಪನಿಯ ಜೊತೆ ಕರಾರಾಯಿತು. ಅಜ್ಜನ ತಿಳಿವಿಗೆ ಬೆಲೆ ಕಟ್ಟಿಸಿದರು ನೋಡಿ!

ಅವರ ಮಕ್ಕಳು ಹಿರಿಯರ ಜೊತೆ ನೆಲ ಸುತ್ತಿ ಕಲಿಯುತ್ತಾರೆ. ಸಂರಕ್ಷಣೆ ಮತ್ತು ಪರಿಸರ ವ್ಯವಸ್ಥೆಯ ನಿರ್ವಹಣೆಯ ಸರ್ಟಿಫಿಕೇಟನ್ನೂ ಪಡೆಯುತ್ತಾರೆ. ಸರ್ಟಿಫಿಕೇಟು ಹಿರಿಯರ ಬುದ್ಧಿಗೆ ಬದಲಲ್ಲ, ಅದರ ಜೊತೆಗಾರ. ತರಬೇತಿ ಅಂದರೆ ಹೀಗಿರಬೇಕು: ನಿನಗೇನೂ ಗೊತ್ತಿಲ್ಲ ಅಂತ ಶುರುಮಾಡುವುದಲ್ಲ, ನಿನಗೆ ಗೊತ್ತಿರುವುದೇನು ಅಂತ ಕೇಳುವುದು.

ಹಾಗಂತ ಎಲ್ಲ ಸುಸೂತ್ರವಲ್ಲ. ಸಂಬಳ ಬರುವುದು ಗಡುವು ಹಾಕಿದ ಅನುದಾನದಿಂದ. ಗಡುವು ಹತ್ತಿರವಾದಾಗಲೆಲ್ಲ ಮತ್ತೆ ಸರ್ಕಾರದ ಬಾಗಿಲು. ದುಡಿಮೆಯ ಬೆಲೆ ಇನ್ನೊಬ್ಬರ ಮರ್ಜಿಯಲ್ಲಿದ್ದರೆ ಅದು ಅರ್ಧ ಹಕ್ಕು ಮಾತ್ರ.

ಬಂಧುಗಳೇ, ಬೆಳೆಗೆ ನ್ಯಾಯವಾದ ಬೆಲೆ ಕೇಳುವವರು ನಾವು. ಬದು ಹಾಕಿದ, ಮಣ್ಣು ಉಳಿಸಿದ ದುಡಿಮೆಯನ್ನೂ ಆ ಲೆಕ್ಕಕ್ಕೆ ಸೇರಿಸಿ ಕೇಳೋಣ. ಕೇಳುವ ಮುಂಚೆ ನಮ್ಮ ಹೊಲಕ್ಕೆ ಬರುವ ಆಳಿನ ಕೈಗೆ ನಾವು ಇಡುತ್ತಿರುವುದು ಕೂಲಿಯೋ, ಹಿಟ್ಟು-ಸಕ್ಕರೆಯೋ, ಅದನ್ನೂ ಎದೆ ಮುಟ್ಟಿ ನೋಡಿಕೊಳ್ಳೋಣ.