ದವಡೆ ನೋವಿನ ಹಿಂದಿನ ಕೈ

ನಮ್ಮ ಬಳಿ ಬಂದಿದ್ದ ಒಬ್ಬ ಮಹಿಳೆ ಮೂರು ತಿಂಗಳಿಂದ ಬಲಕಿವಿಯ ನೋವಿಗೆ ಔಷಧಿ ಮಾಡಿಸುತ್ತಿದ್ದಳು. ಕಿವಿಗೆ ಹನಿ ಹಾಕಿದ್ದಾಯಿತು, ಮಾತ್ರೆ ನುಂಗಿದ್ದಾಯಿತು, ಬಲಗಡೆಯ ಒಂದು ದವಡೆಹಲ್ಲನ್ನು ಕೀಳಿಸಿದ್ದೂ ಆಯಿತು. ಅಗಿಯಬೇಕಾಗಿಲ್ಲದ ಮುದ್ದೆಯ ತುತ್ತು ಕೂಡ ಬಾಯಲ್ಲಿ ಹಿಡಿಸದೆ ಗಂಜಿ ಕುಡಿದುಕೊಂಡಿದ್ದಳು. ಮದುವೆಯ ಮಾತುಕತೆಯಲ್ಲಿ ಒಪ್ಪಿಕೊಂಡ ಹಣದ ಬಾಕಿ ಬರಲಿಲ್ಲವೆಂದು ಗಂಡ ಹೊಡೆಯುತ್ತಿದ್ದುದನ್ನು ನಮಗೆ ಹೇಳಿದಳು. ಆದರೆ ಅವನು ಗುದ್ದಿದ್ದು ಎಡಗಡೆಗೆ. ಎರಡಕ್ಕೂ ಸಂಬಂಧವಿದೆಯೆಂದು ಅವಳಿಗೂ ತೋಚಿರಲಿಲ್ಲ, ನಮಗೂ ತೋಚಲಿಲ್ಲ. ಕೊನೆಗೆ ದಂತವೈದ್ಯೆಯೊಬ್ಬರು ಅವಳ ಅತ್ತೆಯನ್ನು ಹೊರಗೆ ಕೂರಿಸಿ, "ಯಾರು ಹೊಡೆದರಮ್ಮ?" ಎಂದು ಕೇಳಿದರು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಅಲ್ಲಿ ಅಲುಗುವುದೇ ದವಡೆಯ ಕೀಲು. ಇದು ಬಾಗಿಲಿನ ತಿರುಗಣೆಯಂತೆ ತಿರುಗುವುದಷ್ಟೇ ಅಲ್ಲ, ಮುಂದಕ್ಕೆ ಜಾರುತ್ತದೆ ಕೂಡ. ಮೂಳೆಗಳ ನಡುವೆ ಒಂದು ಮೆತ್ತನೆಯ ಬಿಲ್ಲೆಯಿದೆ. ಅದು ಜಾಗ ತಪ್ಪಿದರೆ ಬಾಯಿ ತೆರೆಯುವಾಗ ಟಕ್ಕೆಂಬ ಸದ್ದು ಬರಬಹುದು, ದವಡೆ ಸಿಕ್ಕಿಕೊಳ್ಳಬಹುದು. ಸಾಧಾರಣವಾಗಿ ಅವರವರ ಮೂರು ಬೆರಳು ಒಂದರ ಮೇಲೊಂದು ಹಿಡಿಸುವಷ್ಟು, ಸುಮಾರು 40 ಮಿಲಿಮೀಟರ್, ಬಾಯಿ ತೆರೆಯಬೇಕು. ಎರಡು ಕೀಲುಗಳಿಗೂ ಕೆಳದವಡೆಯ ಮೂಳೆ ಒಂದೇ. ಆದ್ದರಿಂದ ಎಡಗಡೆ ಬಿದ್ದ ಗುದ್ದಿಗೆ ಬಲಗಿವಿಯ ಮುಂದಿನ ಮೂಳೆ ಮುರಿಯಬಹುದು. ಊದಿದ ಕಡೆಯನ್ನಷ್ಟೇ ನೋಡಿ ಕಳಿಸುವವರಿಗೆ ಇದು ಸಿಗುವುದಿಲ್ಲ. ಸಾಮಾನ್ಯ ಎಕ್ಸ್‌ರೇಯಲ್ಲೂ ತಪ್ಪಿಹೋಗಬಹುದು. ದವಡೆಗಳನ್ನು ಪೂರ್ತಿಯಾಗಿ ತೋರಿಸುವ ಓ.ಪಿ.ಜಿ. ಚಿತ್ರ ಬೇಕು, ಕೆಲವೊಮ್ಮೆ ಸಿ.ಟಿ. ಸ್ಕ್ಯಾನ್. ಏಟು ಬಿದ್ದ ಮೇಲೆ ಮೇಲಿನ ಕೆಳಗಿನ ಹಲ್ಲುಗಳು ಮೊದಲಿನಂತೆ ಕೂಡುತ್ತಿಲ್ಲವೆಂದರೆ ಮುರಿತವನ್ನು ಶಂಕಿಸಲೇಬೇಕು. ನಮ್ಮ ಈ ಸೋದರಿಯ ಬಲಗಡೆ ಮೂಳೆ ಮುರಿದು, ಅಡ್ಡಾದಿಡ್ಡಿಯಾಗಿ ಕೂಡಿಕೊಂಡಿತ್ತು.

ಎಲ್ಲ ದವಡೆ ನೋವೂ ಹೊಡೆತದಿಂದ ಬಂದದ್ದಲ್ಲ. ಸಂಧಿವಾತದಿಂದ ಬರುತ್ತದೆ, ಕಾರಣವೇ ಗೊತ್ತಾಗದೆಯೂ ಬರುತ್ತದೆ. ಆದರೆ ಈ ನೋವು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ನಿದ್ದೆಯಲ್ಲೂ ಎಚ್ಚರದಲ್ಲೂ ಹಲ್ಲು ಬಿಗಿಹಿಡಿಯುವವರಲ್ಲಿ ಹೆಚ್ಚು, ಸದಾ ಆತಂಕದಲ್ಲಿರುವವರಲ್ಲಿ ಹೆಚ್ಚು. ಹಾರ್ಮೋನುಗಳ ಕಡೆ ವೈದ್ಯರು ಬೊಟ್ಟು ಮಾಡುತ್ತಾರೆ. ಇರಬಹುದು. ತವರಿನಿಂದ ಹೊರಡುವ ಹುಡುಗಿಗೆ ನಾವು "ಹಲ್ಲು ಕಚ್ಚಿಕೊಂಡು ಸಂಸಾರ ಮಾಡು" ಎಂದು ಹೇಳಿ ಕಳಿಸುತ್ತೇವಲ್ಲ, ಅದನ್ನು ಅವಳ ಸ್ನಾಯುಗಳು ಅಕ್ಷರಶಃ ಪಾಲಿಸುತ್ತವೆ ಎಂಬುದನ್ನೂ ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡವೆ?

ಚಿಕಿತ್ಸೆ ದೊಡ್ಡದೇನಲ್ಲ. ಬಹುಪಾಲು ಜನರಿಗೆ ಕೆಲವು ವಾರ ಮೆತ್ತನೆಯ ಊಟ, ಬಿಸಿ ಶಾಖ, ನೋವಿನ ಮಾತ್ರೆ, ನಿಧಾನವಾಗಿ ಮಾಡುವ ದವಡೆಯ ವ್ಯಾಯಾಮ ಸಾಕು. ಕೆಲವರಿಗೆ ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಅಚ್ಚು ಕೊಡುತ್ತಾರೆ. ಗಟ್ಟಿ ಹಲ್ಲನ್ನು ಕೀಳಿಸುವುದರಿಂದ ಕೀಲು ವಾಸಿಯಾಗದು. ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವೇ ಮಂದಿಗೆ. ಕೀಲು ತಪ್ಪಿ ಬಾಯಿ ಮುಚ್ಚಲಾಗದಿದ್ದರೆ ಅಥವಾ ಮೂಳೆ ಮುರಿದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜಗಳದ ನಡುವೆ ಸಿಕ್ಕಿ ಏಟು ತಿಂದ ಮಗುವಿನ ವಿಷಯದಲ್ಲಂತೂ ತಡ ಮಾಡಲೇಬಾರದು. ಕೀಲಿನ ಗಾಯವನ್ನು ಹಾಗೇ ಬಿಟ್ಟರೆ ಮೂಳೆಗಳು ಬೆಸೆದುಕೊಂಡು ಬಾಯಿ ತೆರೆಯದಂತಾಗಬಹುದು, ಗಲ್ಲ ಬೆಳೆಯದೆ ಮುಖವೇ ಸೊಟ್ಟಗಾಗಬಹುದು.

ಇಷ್ಟೆಲ್ಲ ಹೇಳಿದ ಮೇಲೆ ವೈದ್ಯರು "ಚಿಂತೆ ಮಾಡಬೇಡಿ, ದವಡೆಗೆ ವಿಶ್ರಾಂತಿ ಕೊಡಿ" ಎನ್ನುತ್ತಾರೆ. ಇನ್ನೊಬ್ಬ ಮಹಿಳೆ ಸಾಲ ಮಾಡಿ ಮಾಡಿಸಿಕೊಂಡ ಅಚ್ಚನ್ನು ಗಂಡ ಚರಂಡಿಗೆ ಎಸೆದ. ಅವಳು ಯಾವ ವಿಶ್ರಾಂತಿ ಕೊಡಬೇಕು?

ನಮ್ಮ ಭಾಷೆಯಲ್ಲಿ ಕಪಾಳಮೋಕ್ಷ ಎಂಬುದು ನಗೆಯ ಪದ. ಕಾನೂನಿಗೆ ಅದು ನಗೆಯಲ್ಲ. ಮೂಳೆ ಅಥವಾ ಹಲ್ಲು ಮುರಿದರೆ, ಕೀಲು ತಪ್ಪಿದರೆ ಅದು ತೀವ್ರ ಗಾಯ. ಹಿಂದೆ ಭಾರತೀಯ ದಂಡ ಸಂಹಿತೆಯ 320ನೇ ಕಲಮಿನಲ್ಲಿ ಹಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲೂ ಹಾಗೇ ಇದೆ. ಬೇಕೆಂದೇ ಮಾಡಿದ ಸಾಧಾರಣ ಗಾಯಕ್ಕೆ ಹೆಚ್ಚೆಂದರೆ 1 ವರ್ಷ ಶಿಕ್ಷೆ, ತೀವ್ರ ಗಾಯಕ್ಕೆ 7 ವರ್ಷದವರೆಗೆ. ಈ ವ್ಯತ್ಯಾಸವೆಲ್ಲ ಒಂದು ಓ.ಪಿ.ಜಿ. ಚಿತ್ರದ ಮೇಲೆ, ವೈದ್ಯರು ಬರೆಯುವ ಎರಡು ಸಾಲಿನ ಮೇಲೆ ನಿಂತಿದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆಯ ನಿಯಮಗಳ ಪ್ರಕಾರ ದೂರು ದಾಖಲಾಗಿಲ್ಲವೆಂದು ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ತಪಾಸಣಾ ವರದಿಯ ಪ್ರತಿಯನ್ನು ಅವಳಿಗೆ ಉಚಿತವಾಗಿ ಕೊಡಬೇಕು. ಕೇಳಿ ಪಡೆಯಿರಿ. ಕಿವಿ ಮತ್ತು ಹಲ್ಲಿನ ವೈದ್ಯರನ್ನು ನಾವು ಇದುವರೆಗೆ ನಮ್ಮ ಹೋರಾಟದ ಲೆಕ್ಕಕ್ಕೇ ಹಿಡಿದಿಲ್ಲ, ಇದು ನಮ್ಮ ತಪ್ಪೂ ಹೌದು. ಹೆಂಗಸನ್ನು ಒಬ್ಬಳೇ ಕೂರಿಸಿಕೊಂಡು ಕೇಳಬೇಕೆಂದು, ಅವಳು ಹೇಳಿದ್ದನ್ನೂ ಬಾಯಿ ಎಷ್ಟು ತೆರೆಯುತ್ತದೆಂಬುದನ್ನೂ ಬರೆಯಬೇಕೆಂದು ಅವರನ್ನು ಒತ್ತಾಯಿಸಬೇಕು.

ಆ ಮಹಿಳೆಯ ಮೊದಲ ಮೂರು ಚೀಟಿಗಳಲ್ಲಿ "ಕಿವಿನೋವು" ಎಂದಷ್ಟೇ ಇದೆ. ನಾಲ್ಕನೆಯದರಲ್ಲಿ ದಂತವೈದ್ಯೆ ಬರೆದಿದ್ದಾರೆ: ಗಂಡ ಮುಷ್ಟಿಯಿಂದ ಹೊಡೆದನೆಂದು ಹೇಳುತ್ತಾಳೆ, ಬಲಕೀಲಿನ ಹಳೆಯ ಮುರಿತ, ಬಾಯಿ ತೆರೆಯುವುದು 22 ಮಿಲಿಮೀಟರ್. ಈಗ ತವರಿನಲ್ಲಿದ್ದು ದಿನಕ್ಕೆ ಐದಾರು ಬಾರಿ ವ್ಯಾಯಾಮ ಮಾಡುತ್ತಾಳೆ. ಎರಡು ಬೆರಳು ಹಿಡಿಸುತ್ತದೆ, ಮೂರನೆಯದು ಇನ್ನೂ ಇಲ್ಲ.