ಪೈಪು ಹಾಕಿದವರು ಹೋದ ಮೇಲೆ

ಹಳ್ಳಿಯ ನೀರಿನ ಯೋಜನೆ ಎಂದರೆ ನಮ್ಮ ಕಣ್ಣಿಗೆ ಬೀಳುವುದು ಮೂರು: ಅಗೆದ ರಸ್ತೆ, ಕಪ್ಪು ಪೈಪಿನ ಸುರುಳಿ, ಉದ್ಘಾಟನೆಯ ಕಲ್ಲು. ಈ ಮೂರಕ್ಕೂ ಎಸ್ಟಿಮೇಟ್‌ನಲ್ಲಿ ಜಾಗವಿದೆ. ಗುತ್ತಿಗೆದಾರರು ಬಿಲ್ ಪಡೆದು ಹೋದ ಮೇಲೆ ಟ್ಯಾಂಕಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕು, ಯಾವ ವಾಲ್ವ್ ಸೋರುತ್ತಿದೆ, ಮೋಟರ್ ಪದೇ ಪದೇ ಸುಡುವುದೇಕೆ, ಕರೆಂಟ್ ಬಿಲ್ಲಿಗೆ ಮನೆಯೊಂದಕ್ಕೆ ಎಷ್ಟು ಕರ ಬೀಳಬೇಕು ಎಂದು ಪಂಚಾಯಿತಿಗೆ ಹೇಳಿಕೊಡುವವರು ಯಾರು? ಅವರ ಸಂಬಳ ಯಾವ ಬಾಬ್ತಿನಿಂದ ಬರಬೇಕು? ಕೋಟಿಗಟ್ಟಲೆ ಸುರಿದ ಯೋಜನೆಗಳು ಕೈಕೊಡುವುದು ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಜಾಗದಲ್ಲಿ.

ಇದೇ ಪ್ರಶ್ನೆಯನ್ನು ಅಮೆರಿಕ ಅರ್ಧ ಶತಮಾನದಿಂದ ಎದುರಿಸುತ್ತಾ ಬಂದಿದೆ. ಅಲ್ಲಿ ಸುಮಾರು 50 ಸಾವಿರ ಸಮುದಾಯ ನೀರು ಸರಬರಾಜು ವ್ಯವಸ್ಥೆಗಳಿವೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ವ್ಯವಸ್ಥೆಗಳು ಹತ್ತು ಸಾವಿರಕ್ಕಿಂತ ಕಡಿಮೆ ಜನರಿಗೆ ನೀರು ಕೊಡುವಂಥವು. 1974ರಲ್ಲಿ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ಬಂದಾಗ ಮಹಾನಗರಕ್ಕೂ ಮುನ್ನೂರು ಮನೆಗಳ ಊರಿಗೂ ಬಹುಪಾಲು ಒಂದೇ ಬಗೆಯ ಗುಣಮಟ್ಟ, ಪರೀಕ್ಷೆ, ದಾಖಲೆಗಳ ಹೊಣೆ ಬಿತ್ತು. ನಗರದಲ್ಲಿ ಪ್ರಯೋಗಾಲಯವಿತ್ತು, ಎಂಜಿನಿಯರ್‌ಗಳಿದ್ದರು. ಸಣ್ಣ ಊರಿನಲ್ಲಿ ಪಂಪ್ ಚಾಲೂ ಮಾಡುವವನೇ ಮೀಟರ್ ಓದಬೇಕು, ಚರಂಡಿಯನ್ನೂ ನೋಡಬೇಕು. ಎರಡು ವರ್ಷಗಳ ನಂತರ, 1976ರಲ್ಲಿ, ಇಂಥ ಊರುಗಳ ಸಂಘಗಳು ಸೇರಿ ರಾಷ್ಟ್ರೀಯ ಗ್ರಾಮೀಣ ಜಲ ಸಂಘವನ್ನು ಕಟ್ಟಿಕೊಂಡವು. ಬಡ ಗ್ರಾಮೀಣ ಸಮುದಾಯಗಳ ನಡುವೆ ಕೆಲಸ ಮಾಡುವ ‘ರೂರಲ್ ಕಮ್ಯುನಿಟಿ ಅಸಿಸ್ಟೆನ್ಸ್ ಪಾರ್ಟ್‌ನರ್‌ಶಿಪ್’ ಎಂಬ ಮತ್ತೊಂದು ಲಾಭರಹಿತ ಜಾಲ ಆರು ಪ್ರಾದೇಶಿಕ ಸಂಸ್ಥೆಗಳ ಮೂಲಕ ನಡೆಯುತ್ತಿದೆ.

ಇಂಥ ಸಂಸ್ಥೆಗಳಿಗೆ ಅಲ್ಲಿನ ಕೃಷಿ ಇಲಾಖೆ ಕೊಡುವ ಒಂದು ಅನುದಾನವಿದೆ. ನೀರು ಮತ್ತು ತ್ಯಾಜ್ಯ ವಿಲೇವಾರಿಗೆ ಸಂಬಂಧಿಸಿದ ತಾಂತ್ರಿಕ ನೆರವು ಹಾಗೂ ತರಬೇತಿಗೆ ಮೀಸಲಾದ ಹಣ ಅದು. ಹತ್ತು ಸಾವಿರ ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಇದರ ಲಾಭ ಸಿಗಬೇಕು. ಕೆಲಸಗಳು ಮೂರು. ಊರಿನ ನೀರು, ಕೊಳಚೆ, ಕಸದ ಸಮಸ್ಯೆಯನ್ನು ಗುರುತಿಸಿ ಪರಿಹಾರ ಸೂಚಿಸುವುದು; ಸರ್ಕಾರದ ಸಾಲ–ಅನುದಾನಕ್ಕೆ ಅರ್ಜಿ ತಯಾರಿಸಿಕೊಡುವುದು; ಇರುವ ವ್ಯವಸ್ಥೆಯನ್ನು ನಡೆಸುವುದು ಹೇಗೆಂದು ಸಿಬ್ಬಂದಿಗೆ ಕಲಿಸುವುದು. ಈ ಹಣದಲ್ಲಿ ಜಮೀನು ಕೊಳ್ಳುವಂತಿಲ್ಲ, ವಾಹನ ಕೊಳ್ಳುವಂತಿಲ್ಲ, ಕಚೇರಿಗೆ ಸುಣ್ಣಬಣ್ಣ ಮಾಡಿಸುವಂತಿಲ್ಲ. ಕಣ್ಣಿಗೆ ಕಾಣುವ ಯಾವುದನ್ನೂ ಕಟ್ಟದ ಅನುದಾನ ಇದು. ಕಾಯ್ದೆಯಲ್ಲೇ ಇದಕ್ಕೊಂದು ಪಾಲು ಎತ್ತಿಟ್ಟಿರುವುದರಿಂದ ಕಾಮಗಾರಿಯ ಹಸಿವಿಗೆ ಬಲಿಯಾಗದೆ ಉಳಿದುಕೊಂಡಿದೆ.

ಇದರ ಜೊತೆಗೇ 1980ರಿಂದ ಗುತ್ತಿಗೆ ಮೂಲಕ ನಡೆದುಬಂದಿರುವ ಇನ್ನೊಂದು ಕಾರ್ಯಕ್ರಮ ‘ಸರ್ಕ್ಯೂಟ್ ರೈಡರ್’. ತಮ್ಮ ಪಾಲಿನ ಊರುಗಳನ್ನು ಸುತ್ತುತ್ತಾ, ಕರೆ ಬಂದಲ್ಲಿಗೆ ಓಡುವ ತಂತ್ರಜ್ಞರು ಇವರು. ಊರಿನ ಪೈಪು ಎಷ್ಟು ಸೋರುತ್ತಿದೆ ಎಂದು ತಿಳಿಯಲು ಇವರು ಬಳಸುವ ಹಳೆಯ ವಿಧಾನವೊಂದಿದೆ. ನಡುರಾತ್ರಿ ಕಳೆದ ಮೇಲೆ, ಎಲ್ಲರೂ ಮಲಗಿರುವ ಹೊತ್ತಿನಲ್ಲಿ, ಟ್ಯಾಂಕಿನಿಂದ ಹೊರಹೋಗುವ ನೀರನ್ನು ಅಳೆಯುವುದು. ಆ ಹೊತ್ತಿನಲ್ಲಿ ಯಾರೂ ಪಾತ್ರೆ ತೊಳೆಯುವುದಿಲ್ಲ, ಸ್ನಾನ ಮಾಡುವುದಿಲ್ಲ. ಆಗಲೂ ಹರಿಯುವ ನೀರಿನ ಬಹುಪಾಲು ನೆಲದ ಪಾಲು. ನಂತರ ಒಂದೊಂದೇ ಬೀದಿಯ ವಾಲ್ವ್ ಮುಚ್ಚುತ್ತಾ ಹೋದರೆ, ಯಾವುದನ್ನು ಮುಚ್ಚಿದಾಗ ಮೀಟರ್ ಇಳಿಯಿತೋ ಆ ಬೀದಿಯಲ್ಲಿ ಸೋರಿಕೆ ಎಂದು ಗೊತ್ತಾಗುತ್ತದೆ. ದೊಡ್ಡ ಯಂತ್ರ ಬೇಕಿಲ್ಲ. ಒಮ್ಮೆ ಪಕ್ಕದಲ್ಲಿ ನಿಂತು ತೋರಿಸಿಕೊಡುವವರು ಬೇಕು.

ಈ ಏರ್ಪಾಡಿನಲ್ಲಿ ಗಮನಿಸಬೇಕಾದ ಗುಣ ಇನ್ನೊಂದಿದೆ. ನೆರವಿಗೆ ಬಂದವರ ಕೈಯಲ್ಲಿ ದಂಡ ಹಾಕುವ ಅಧಿಕಾರವಿಲ್ಲ. ನಿಯಂತ್ರಣ ಸಂಸ್ಥೆಯ ಅಧಿಕಾರಿ ಬಂದರೆ ಊರಿನವರು ರಿಜಿಸ್ಟರ್ ತಿದ್ದಿ ಇಡುತ್ತಾರೆ. ಲಾಭರಹಿತ ಸಂಸ್ಥೆಯ ತಂತ್ರಜ್ಞ ಬಂದರೆ, ‘ಎರಡು ತಿಂಗಳಿಂದ ಕ್ಲೋರಿನ್ ಹಾಕಿಲ್ಲ, ಯಂತ್ರ ಕೆಟ್ಟಿದೆ’ ಎಂದು ಒಪ್ಪಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಸರ್ಕಾರದಲ್ಲೇ ಎಂಜಿನಿಯರ್‌ಗಳಿರುವಾಗ ಹೊರಗಿನ ಸಂಸ್ಥೆಗೆ ಹಣ ಏಕೆ ಎಂಬ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ತಪ್ಪು ಹೇಳಿಕೊಳ್ಳಲು ಭಯವಿದ್ದಲ್ಲಿ ದುರಸ್ತಿ ತಡವಾಗುತ್ತದೆ. ನೀರಿನ ವಿಷಯದಲ್ಲಿ ತಡವೆಂದರೆ ವಾಂತಿ–ಭೇದಿ.

ಹಾಗೆಂದು ಅಮೆರಿಕದ ಮಾದರಿಯನ್ನು ಹೊತ್ತು ಮೆರೆಸಬೇಕಾಗಿಲ್ಲ. ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿಯನ್ನು ನೋಡಿದರೆ ಸಾಕು. ಕರಿಯ ಜನಾಂಗದವರೇ ಹೆಚ್ಚಿರುವ ಈ ಬಡ ಪ್ರದೇಶದಲ್ಲಿ ಬಹಳಷ್ಟು ಮನೆಗಳಿಗೆ ಒಳಚರಂಡಿ ಸಂಪರ್ಕವಿಲ್ಲ. ನೆಲವೋ ಜಿಗುಟಾದ ಕಪ್ಪು ಜೇಡಿ. ಸೆಪ್ಟಿಕ್ ಟ್ಯಾಂಕಿನ ನೀರು ಅದರಲ್ಲಿ ಇಂಗುವುದಿಲ್ಲ, ಮಳೆ ಬಂದರೆ ವಾಪಸು ಮನೆಯೊಳಕ್ಕೇ ನುಗ್ಗುತ್ತದೆ. ಎಷ್ಟೋ ಮನೆಗಳವರು ಶೌಚಾಲಯದಿಂದ ನೇರ ಹಿತ್ತಲಿಗೆ ಪೈಪು ಬಿಟ್ಟುಕೊಂಡಿದ್ದರು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪರೀಕ್ಷೆಗೆ ಒಳಗಾದ 55 ಜನರ ಪೈಕಿ ಮೂರನೇ ಒಂದರಷ್ಟು ಮಂದಿಯಲ್ಲಿ ಕೊಕ್ಕೆಹುಳುವಿನ ಕುರುಹು ಸಿಕ್ಕಿತು. ಅಲ್ಲಿಯೇ ಬೆಳೆದ ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ವರ್ಷಗಟ್ಟಲೆ ಹೋರಾಡಿ ಇದನ್ನು ದೇಶದ ಮುಂದಿಟ್ಟರು. 2020ರಲ್ಲಿ ಅವರಿಗೆ ಮೆಕಾರ್ಥರ್ ಫೆಲೋಷಿಪ್ ಸಂದಿತು. 2023ರ ಮೇನಲ್ಲಿ ಕೇಂದ್ರ ನ್ಯಾಯ ಇಲಾಖೆ ಮತ್ತು ಅಲಬಾಮಾದ ಆರೋಗ್ಯ ಇಲಾಖೆಯ ನಡುವೆ ಒಪ್ಪಂದವಾಗಿ, ಸರಿಯಾದ ಸೆಪ್ಟಿಕ್ ವ್ಯವಸ್ಥೆ ಕಟ್ಟಿಕೊಳ್ಳಲಾಗದ ಬಡವರ ಮೇಲೆ ಮೊಕದ್ದಮೆ ಹೂಡುವುದು ನಿಂತಿತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಆಡಳಿತ ಆ ಒಪ್ಪಂದವನ್ನೇ ಕೈಬಿಟ್ಟಿತು.

ಲೌಂಡ್ಸ್ ಹೇಳುವ ಪಾಠ ಎರಡು. ಕಟ್ಟಲು ಹಣವಿಲ್ಲದವರಿಗೆ ಬರೀ ಸಲಹೆ ಕೊಟ್ಟು ಪ್ರಯೋಜನವಿಲ್ಲ. ಹಾಗೆಯೇ, ಹಣ ಬಂದರೂ ಅದನ್ನು ಪಡೆಯುವ ಶಕ್ತಿ ಊರಿಗಿರಬೇಕು. 2021ರ ಮೂಲಸೌಕರ್ಯ ಕಾಯ್ದೆ ನೀರು–ಒಳಚರಂಡಿಗೆ ಐದು ಸಾವಿರ ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಟ್ಟಿತು. ಆದರೆ ಅರ್ಜಿ, ವಿನ್ಯಾಸ, ಲೆಕ್ಕಪತ್ರಗಳ ಬೆಟ್ಟ ಹತ್ತಲು ಸಣ್ಣ ಊರುಗಳಿಗೆ ಆಗದು ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಅದಕ್ಕೇ 2022ರಲ್ಲಿ ಅಲ್ಲಿನ ಪರಿಸರ ಸಂಸ್ಥೆ ಮತ್ತು ಕೃಷಿ ಇಲಾಖೆ ಕೂಡಿ, ಲೌಂಡ್ಸ್ ಸೇರಿದಂತೆ 11 ಸಮುದಾಯಗಳನ್ನು ಆಯ್ದು, ಪಕ್ಕದಲ್ಲಿ ಕೂತು ಯೋಜನೆ ತಯಾರಿಸಿಕೊಡುವ ಪ್ರಯೋಗಕ್ಕೆ ಕೈಹಾಕಿದವು.

ಈಗ ನಮ್ಮ ಕಡೆ ತಿರುಗೋಣ. 2019ರ ಆಗಸ್ಟ್ 15ರಂದು ಜಲಜೀವನ್ ಮಿಷನ್ ಘೋಷಣೆಯಾದಾಗ ದೇಶದ ಗ್ರಾಮೀಣ ಮನೆಗಳ ಪೈಕಿ ನಲ್ಲಿ ಇದ್ದದ್ದು 3.23 ಕೋಟಿಗೆ, ಅಂದರೆ ಶೇ 17ರಷ್ಟಕ್ಕೆ. ಈಗ ಅದು 15 ಕೋಟಿ ದಾಟಿದೆ. ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಕರ್ನಾಟಕವೂ ದೊಡ್ಡ ಹೆಜ್ಜೆ ಇಟ್ಟಿದೆ. ಸುಮಾರು ಒಂದು ಕೋಟಿ ಗ್ರಾಮೀಣ ಮನೆಗಳ ಪೈಕಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮನೆಗಳಿಗೆ ಸಂಪರ್ಕ ಸಿಕ್ಕಿದೆ. ಇಡೀ ಮಿಷನ್‌ಗೆ ಮೊದಲು ನಿಗದಿಯಾಗಿದ್ದ ಒಟ್ಟು ವೆಚ್ಚ 3.60 ಲಕ್ಷ ಕೋಟಿ ರೂಪಾಯಿ. 2025ರ ಬಜೆಟ್‌ನಲ್ಲಿ ಯೋಜನೆಯನ್ನು 2028ರವರೆಗೆ ವಿಸ್ತರಿಸಲಾಯಿತು.

ನ್ಯಾಯವಾಗಿ ಹೇಳಬೇಕೆಂದರೆ, ಈ ಮಿಷನ್ ಮಾರ್ಗಸೂಚಿ ಬರೆದವರು ಕಲಿಸುವ ಕೆಲಸವನ್ನು ಮರೆತಿರಲಿಲ್ಲ. ಬೆಂಬಲ ಚಟುವಟಿಕೆಗಳಿಗೆಂದೇ ಶೇ 5ರಷ್ಟು ಹಣ ತೆಗೆದಿಟ್ಟರು. ಸ್ವಯಂಸೇವಾ ಸಂಸ್ಥೆಗಳನ್ನು ‘ಅನುಷ್ಠಾನ ಬೆಂಬಲ ಸಂಸ್ಥೆ’ಗಳಾಗಿ ನೇಮಿಸಿಕೊಳ್ಳಲು ದಾರಿ ಮಾಡಿದರು. ಅರ್ಧದಷ್ಟು ಮಹಿಳೆಯರಿರುವ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ, ನೀರು ಪರೀಕ್ಷಿಸಲು ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ತರಬೇತಿ, ಎಲ್ಲವೂ ಕಾಗದದಲ್ಲಿ ಚೆನ್ನಾಗಿದೆ. ತೊಡಕಿರುವುದು ಬೇರೆಡೆ. ಬೆಂಬಲ ಸಂಸ್ಥೆಯ ಆಯುಷ್ಯವನ್ನು ಕಾಮಗಾರಿಯ ಆಯುಷ್ಯಕ್ಕೆ ಗಂಟುಹಾಕಲಾಗಿದೆ. ಪೈಪು ಬೀಳುವ ಮುಂಚೆ ಸಭೆ ನಡೆಸಿ, ಗೋಡೆ ಬರಹ ಬರೆಸಿ, ಸಮಿತಿ ರಚಿಸಿ, ಕೆಲಸ ಮುಗಿದ ಮೇಲೆ ಕೆಲಕಾಲ ಜೊತೆಗಿದ್ದು ಅವರು ಹೊರಡುತ್ತಾರೆ. ವ್ಯವಸ್ಥೆ ಕೆಡಲು ಶುರುವಾಗುವುದು ಆಮೇಲೆ. ಮದುವೆ ಮಾಡಿಸಿದ ಪುರೋಹಿತರನ್ನು ಸಂಸಾರದ ಸಾಮರಸ್ಯಕ್ಕೆ ಹೊಣೆ ಮಾಡಿದಂತಾಗಿದೆ ಈ ಏರ್ಪಾಡು.

ಕೆಡುವುದೆಂದರೆ ಏನು ಎಂದು ಹತ್ತಿರದಿಂದ ನೋಡೋಣ. 50 ಸಾವಿರ ಲೀಟರ್‌ನ ಓವರ್‌ಹೆಡ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 100 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರ್‌ನಲ್ಲಿ ಶೇ 30ರಷ್ಟು ಕ್ಲೋರಿನ್ ಇದ್ದರೆ ಸುಮಾರು 330 ಗ್ರಾಂ ಪುಡಿ. ಆದರೆ ಬಾಯಿ ಬಿಚ್ಚಿದ ಚೀಲ ಪಂಪ್‌ಹೌಸಿನ ಸೆಕೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಅದರ ಸತ್ವ ಅರ್ಧಕ್ಕೆ ಇಳಿದಿರಬಹುದು. ಆಗ ಅಷ್ಟೇ ಪುಡಿ ಹಾಕಿದರೂ ಊರಿನ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಉಳಿಯುವುದಿಲ್ಲ. ಕೊನೆಯ ಮನೆಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಪುಡಿಯನ್ನು ಮೊದಲು ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಬಿಡಬೇಕು. ಇಷ್ಟೆಲ್ಲ ಗೊತ್ತಿರಬೇಕಾದ ನೀರಗಂಟಿಗೆ ನಾವು ಕೊಟ್ಟಿರುವುದು ಅಲ್ಪ ಸಂಬಳ ಮತ್ತು ಕೈಗೊಂದು ಸ್ಪ್ಯಾನರ್. 2023ರ ಬೇಸಿಗೆಯ ಕೊನೆಯಲ್ಲಿ ರಾಯಚೂರು, ಕೊಪ್ಪಳ ಜಿಲ್ಲೆಗಳ ಹಳ್ಳಿಗಳಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ವರದಿ ಕೇಳಿದ್ದಾಯಿತು, ಅಮಾನತು ಮಾಡಿದ್ದಾಯಿತು. ಕಲಿಸುವ ಏರ್ಪಾಡು ಮಾತ್ರ ಹಾಗೆಯೇ ಉಳಿಯಿತು.

ಕೊಳಚೆಯ ಕತೆಯೂ ಇದೇ. ಅಲಬಾಮಾದ ಕಪ್ಪು ಜೇಡಿಗೂ ವಿಜಯಪುರ, ರಾಯಚೂರು, ಗದಗ ಸೀಮೆಯ ಎರೆಮಣ್ಣಿಗೂ ಗುಣ ಒಂದೇ: ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ನೀರನ್ನು ಸುಲಭಕ್ಕೆ ಇಂಗಿಸಿಕೊಳ್ಳುವುದಿಲ್ಲ. ಕೆಂಪು ಮಣ್ಣಿನ ಕೋಲಾರಕ್ಕೆ ಒಗ್ಗುವ ಇಂಗುಗುಂಡಿಯ ನಕ್ಷೆ ಎರೆ ಭೂಮಿಗೆ ಒಗ್ಗದು. ಜೋಡಿಗುಂಡಿ ಶೌಚಾಲಯಕ್ಕೆ ಇಂಥ ಮಣ್ಣಿನಲ್ಲಿ ಗುಂಡಿಯ ಸುತ್ತ ಒಂದಡಿ ಅಗಲ ಮರಳು ತುಂಬಬೇಕೆಂಬ ಸೂಚನೆ ಸರ್ಕಾರದ ಕೈಪಿಡಿಯಲ್ಲಿದೆ. ಮೇಸ್ತ್ರಿಗೆ ಅದನ್ನು ಹೇಳಿಕೊಡುವವರು ಬೇಕಲ್ಲ? ಇಲ್ಲದಿದ್ದರೆ ಲೆಕ್ಕಕ್ಕೆ ಶೌಚಾಲಯ, ಬಳಕೆಗೆ ಸೌದೆ ಕೋಣೆ.

ಕರ್ನಾಟಕಕ್ಕೆ ಇದು ಹೊಸ ಪಾಠವೂ ಅಲ್ಲ. ವಿಶ್ವಬ್ಯಾಂಕ್ ನೆರವಿನ ‘ಜಲ ನಿರ್ಮಲ’ ಯೋಜನೆಯಲ್ಲಿ ಉತ್ತರದ ಜಿಲ್ಲೆಗಳ ಹಳ್ಳಿಗಳಿಗೆ ಸ್ವಯಂಸೇವಾ ಸಂಸ್ಥೆಗಳು ಕೈಜೋಡಿಸಿದ್ದವು. ಬೆಂಗಳೂರಿನ ‘ಅರ್ಘ್ಯಂ’ ಪ್ರತಿಷ್ಠಾನ 2008–09ರಲ್ಲಿ ರಾಜ್ಯದ 172 ಗ್ರಾಮ ಪಂಚಾಯಿತಿಗಳ 17,200 ಮನೆಗಳಲ್ಲಿ ನೀರು–ನೈರ್ಮಲ್ಯದ ಸಮೀಕ್ಷೆ ನಡೆಸಿತ್ತು. ಊರೂರಿಗೂ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನಲ್ಲೇ ಮೈಸೂರಿನಲ್ಲಿ ಪಂಚಾಯತ್‌ರಾಜ್ ತರಬೇತಿ ಸಂಸ್ಥೆಯಿದೆ. ಅನುಭವವಿದೆ, ಸಂಸ್ಥೆಗಳಿವೆ. ಆದರೆ ಯೋಜನೆ ಮುಗಿದಾಗಲೆಲ್ಲ ಕಲಿತವರು ಚದುರಿಹೋಗುತ್ತಾರೆ. ಮುಂದಿನ ಯೋಜನೆ ಮತ್ತೆ ಅಆಇಈಯಿಂದ ಶುರು.

ಸ್ವಯಂಸೇವಾ ಸಂಸ್ಥೆಗಳ ಬುಡವೂ ಅಲುಗಾಡಿದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವುದನ್ನು ನಿಷೇಧಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಯ ಆಸರೆಯಲ್ಲಿ ತಾಲ್ಲೂಕು ಮಟ್ಟದಲ್ಲಿ ದುಡಿಯುತ್ತಿದ್ದ ಸಣ್ಣ ಸಂಸ್ಥೆಗಳಿಗೆ ಬಿದ್ದ ಪೆಟ್ಟು ಇದು. ಕಂಪನಿಗಳ ಸಿಎಸ್ಆರ್ ಹಣ ಫಲಕ ಹಾಕಬಹುದಾದ ಘಟಕಗಳತ್ತ ಸುಲಭವಾಗಿ ವಾಲುತ್ತದೆ. ಹಾಗಾಗಿ ಉಳಿದಿರುವ ದೊಡ್ಡ ದಾರಿ ಸರ್ಕಾರದ ಅನುದಾನ.

ಅನುದಾನವೆಂದರೆ ದುರುಪಯೋಗದ ಭಯ ಸಹಜ. ಲೆಟರ್‌ಹೆಡ್‌ನಲ್ಲಷ್ಟೇ ಇರುವ ಸಂಸ್ಥೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅದಕ್ಕೆ ಮದ್ದು ಅಳತೆಗೋಲನ್ನು ಬದಲಿಸುವುದು. ಎಷ್ಟು ತರಬೇತಿ ನಡೆಸಿದಿರಿ, ಫೋಟೊ ಎಲ್ಲಿ ಎಂದು ಕೇಳುವ ಬದಲು ಮೂರು ಸಂಗತಿ ಕೇಳಬೇಕು: ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿದೆ? ರಾತ್ರಿ ಸೋರಿಕೆ ಎಷ್ಟು ಇಳಿಯಿತು? ನೀರಿನ ಕರ ಎಷ್ಟು ವಸೂಲಾಯಿತು? ಮೂರನ್ನೂ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಅಗ್ಗದ ದರ ಕೂಗಿದವರಿಗೆ ಕೆಲಸ ಕೊಡುವ ಟೆಂಡರ್ ಪದ್ಧತಿ ಇದಕ್ಕೆ ಹೊಂದುವುದಿಲ್ಲ. ಕೆಲಸದ ಚರಿತ್ರೆ ನೋಡಿ ಐದು ವರ್ಷಕ್ಕೆ ಅನುದಾನ ಕೊಟ್ಟು, ಪ್ರತಿ ವರ್ಷ ಪರಿಶೀಲಿಸುವುದು ಸೂಕ್ತ. ಕಾಮಗಾರಿಯ ಬಿಲ್‌ಗೆ ಸಹಿ ಮಾಡುವ ಎಂಜಿನಿಯರ್ ಕೈಯಲ್ಲೇ ಈ ಸಂಸ್ಥೆಯ ಬಿಲ್ಲೂ ಇರಬಾರದು. ಇದ್ದರೆ ಕಳಪೆ ಪೈಪಿನ ಬಗ್ಗೆ ಅವರು ಬಾಯಿ ಬಿಡುವುದಿಲ್ಲ.

ಹಣ ಎಲ್ಲಿಂದ ಎಂಬುದಕ್ಕೂ ಉತ್ತರವಿದೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ನೀರು–ನೈರ್ಮಲ್ಯಕ್ಕೆಂದೇ ನಿಗದಿ ಮಾಡಿದ್ದು 1.42 ಲಕ್ಷ ಕೋಟಿ ರೂಪಾಯಿ. ಇಂಥ ನಿಧಿಯಲ್ಲಿ ಶೇ 2ರಷ್ಟನ್ನು ತಾಲ್ಲೂಕು ಮಟ್ಟದ ಕಾಯಂ ನೆರವು ತಂಡಗಳಿಗೆ ಎತ್ತಿಡಲು ರಾಜ್ಯಗಳಿಗೆ ಅವಕಾಶ ಕೊಟ್ಟರೂ ಸಾಕು. ಕರ್ನಾಟಕದ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿಗೆ ಸಾವಿರಾರು ಎಂಜಿನಿಯರ್‌ಗಳೇನೂ ಬೇಕಾಗಿಲ್ಲ. ಪ್ರತಿ ತಾಲ್ಲೂಕಿಗೆ ನಾಲ್ಕಾರು ಜನ ಸಾಕು. ಅವರಲ್ಲಿ ಒಬ್ಬರಾದರೂ ಇಪ್ಪತ್ತು ವರ್ಷ ವಾಲ್ವ್ ತಿರುಗಿಸಿದ ಅನುಭವಿ ನೀರಗಂಟಿಯಾಗಿರಲಿ. ನೀರಗಂಟಿಗೆ ನೀರಗಂಟಿಯ ಮಾತು ನಾಟುವಷ್ಟು ಪವರ್‌ಪಾಯಿಂಟ್ ನಾಟದು. ನಲ್ಲಿಗಳ ಲೆಕ್ಕ ಇನ್ನೇನು ಭರ್ತಿಯಾಗಲಿದೆ. ಇನ್ನು ಮುಂದೆ ಮಿಷನ್‌ನ ಯಶಸ್ಸನ್ನು ಹೊಸ ಸಂಪರ್ಕಗಳ ಸಂಖ್ಯೆಯಿಂದ ಅಳೆಯುವುದನ್ನು ಬಿಟ್ಟು, ಐದು ವರ್ಷ ಹಳೆಯದಾದ ನಲ್ಲಿಯಲ್ಲಿ ಬರುವ ನೀರಿನಿಂದ ಅಳೆಯಬೇಕು. ಆ ಪರೀಕ್ಷೆ ಪಾಸಾಗಬೇಕಾದರೆ ಕಲಿಸುವವರ ಸಂಬಳ ಈಗಿನಿಂದಲೇ ಬಜೆಟ್‌ನಲ್ಲಿ ಕಾಯಂ ಸಾಲಾಗಿ ಕೂರಬೇಕು.